ಮಗುವಿನ ಭಾರ ಹೊತ್ತ ಮೂಳೆಯ ಗುಂಡಿ

ಚಂದ್ರ ಕಂಡದ್ದು ನನ್ನ ಪಾಲಿಗೆ ಕೆಟ್ಟ ಸುದ್ದಿ ಎಂದು ಆ ಸಂಜೆ ಯಾರ ಹತ್ತಿರವಾದರೂ ಹೇಳಿದ್ದರೆ ಚೆನ್ನಾಗಿ ಬೈಸಿಕೊಳ್ಳುತ್ತಿದ್ದೆ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಕಟ್ಟಡದ ಕೆಳಗೆ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಈದ್ ಮುಬಾರಕ್ ಹೇಳುತ್ತಿದ್ದರು. ಮೊಬೈಲ್ ಅಂಗಡಿಯವನು ದಾರಿಯಲ್ಲಿ ಹೋಗುವವರಿಗೆಲ್ಲ ಖರ್ಜೂರ ಕೊಡುತ್ತಿದ್ದ. ನಾನೊಬ್ಬಳು ಬಾಲ್ಕನಿಯಲ್ಲಿ ಫೋನ್ ಕಿವಿಗೆ ಒತ್ತಿಕೊಂಡು, ಕಾಕಾ ಎತ್ತುತ್ತಾರೋ ಇಲ್ಲವೋ ಎಂದು ಉಗುರು ಕಚ್ಚುತ್ತಾ ನಿಂತಿದ್ದೆ.

ಕಾಕಾ ಅಂದರೆ ನಮ್ಮ ಪ್ರದರ್ಶನ ನಡೆಯುತ್ತಿದ್ದ ಕಟ್ಟಡದಲ್ಲಿ ಎ.ಸಿ. ನೋಡಿಕೊಳ್ಳುವ ಸೂಪರ್‌ವೈಸರ್. ಉಪ್ಪಿನಂಗಡಿ ಕಡೆಯ ಬ್ಯಾರಿ. ನಾನು ಶಿರ್ವ ಕಡೆಯ ಕ್ರಿಶ್ಚಿಯನ್. ಅವರಿಗೆ ನಾನು ಬಾಯಮ್ಮ, ನನಗೆ ಅವರು ಕಾಕಾ. ಮನೆಯಲ್ಲಿ ಅವರದು ಬ್ಯಾರಿ ಭಾಷೆ, ನನ್ನದು ಕೊಂಕಣಿ. ಇಬ್ಬರ ನಡುವೆ ಕನ್ನಡ, ಜಗಳ ಬಂದರೆ ತುಳು.

ಕೊನೆಗೂ ಎತ್ತಿದರು. ಹಿಂದೆ ಬಸ್ಸಿನ ಸದ್ದು.

"ಎಂತ ಬಾಯಮ್ಮ, ಪೆರ್ನಾಲ್ ಹಬ್ಬದ ಹೊತ್ತಿಗೆ?"

"ಕಾಕಾ, ನಮ್ಮ ಪ್ರದರ್ಶನದ ಹಾಲಿಗೆ ಬೈಪಾಸ್ ಹಾಕಿದ್ದೀರಾ?"

"ಅದು ನಾಳೆ ಬೆಳಿಗ್ಗೆ ಹಾಕ್ಲಿಕ್ಕೆ ಇದ್ದದ್ದಲ್ವಾ. ಚಂದ್ರ ಇವತ್ತೇ ಕಾಣ್ತಾನೆ ಅಂತ ಯಾರಿಗೆ ಗೊತ್ತುಂಟು? ನಾನೀಗ ದುಬೈ ಬಸ್ಸಲ್ಲಿದ್ದೇನೆ. ಮುಹೈಸ್ನಾದಲ್ಲಿ ತಮ್ಮನ ರೂಮಿಗೆ ಹೋಗುದು."

ಇಷ್ಟಕ್ಕೆ ನಾನೇಕೆ ಅಷ್ಟು ಗಾಬರಿಯಾದೆ ಎಂಬುದನ್ನು ಹೇಳಬೇಕು. ಉದ್ದ ರಜೆ ಬಂದಾಗ ಆ ಕಟ್ಟಡದ ಎ.ಸಿ. ತನ್ನಷ್ಟಕ್ಕೇ ರಜೆಯ ಮೋಡ್‌ಗೆ, ಅಂದರೆ ಹಾಲಿಡೇ ಮೋಡ್‌ಗೆ ಹೋಗುತ್ತಿತ್ತು. ತಣ್ಣೀರಿನ ಹರಿವು ಕಡಿಮೆಯಾಗಿ, ಖಾಲಿ ಆಫೀಸುಗಳೆಲ್ಲ ಬಿಸಿಯಾಗಿ ಬಿದ್ದಿರುತ್ತಿದ್ದವು. ಒಳ್ಳೆಯದೇ, ಯಾರೂ ಇಲ್ಲದ ಕುರ್ಚಿಗಳಿಗೆ ಎ.ಸಿ. ಯಾಕೆ? ಆದರೆ ನಮ್ಮ ಹಾಲ್ ಇದ್ದದ್ದು ಆ ಆಫೀಸುಗಳ ಮಧ್ಯೆಯೇ. ಅದನ್ನು ಪ್ರತಿ ಸಲವೂ ರಜೆಯ ಹಿಂದಿನ ಕೆಲಸದ ದಿನ ಕಂಟ್ರೋಲ್ ರೂಮಿನಲ್ಲಿ ಕೈಯಾರೆ ಹೊರಗಿಡಬೇಕಿತ್ತು, ಬೈಪಾಸ್ ಅಂದರೆ ಅದೇ. ಅದಕ್ಕಿಂತ ಮೊದಲೇ ಹಾಕಿಟ್ಟರೆ ರಜೆ ಶುರುವಾಗುವ ಮುನ್ನವೇ ಅದಾಗಿಯೇ ಅಳಿದುಹೋಗುತ್ತಿತ್ತು. ಕಾಕಾ ಇದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಈ ಸಲ ಆ ಹಿಂದಿನ ದಿನವೇ ಕ್ಯಾಲೆಂಡರಿನಿಂದ ಮಾಯವಾಗಿತ್ತು. ಮೂವತ್ತನೆಯ ಉಪವಾಸ ಇರುತ್ತದೆ ಎಂದು ಎಲ್ಲರೂ ನಂಬಿದ್ದರು. ಇಪ್ಪತ್ತೊಂಬತ್ತಕ್ಕೇ ಚಂದ್ರ ಬಂದುಬಿಟ್ಟ.

ಹಾಲಿನಲ್ಲಿದ್ದದ್ದು ಬಟ್ಟೆಯನ್ನು ಮೈಗೆ ಹಿಡಿದಿಡುವ ವಸ್ತುಗಳ ಪ್ರದರ್ಶನ: ಕೊಕ್ಕೆ, ಪಿನ್ನು, ಗುಂಡಿ, ಬಕಲ್. ಬೇರೆ ಬೇರೆ ದೇಶದ ಸಂಗ್ರಹಾಲಯಗಳು ಎರವಲು ಕೊಟ್ಟದ್ದು. ಬಂದ ವಸ್ತುವಿನ ಪೆಟ್ಟಿಗೆ ಬಿಚ್ಚುವುದು, ಅದರ ಮೈಮೇಲಿನ ಪ್ರತಿಯೊಂದು ಗೀರನ್ನೂ ಬರೆದಿಡುವುದು, ವಾಪಸು ಹೋಗುವಾಗ ಗೀರು ಅಷ್ಟೇ ಇದೆಯೇ ಎಂದು ನೋಡುವುದು ನನ್ನ ಕೆಲಸ. ಬಾಡಿಗೆ ಮನೆ ಬಿಡುವಾಗ ಮಾಲೀಕರು ಗೋಡೆ ನೋಡುತ್ತಾರಲ್ಲ, ಹಾಗೆ.

ಹಾಲಿನ ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಉತ್ತರದ ಹಿಮನಾಡಿನ ಮೂಲನಿವಾಸಿಗಳ ಮೂಳೆಯ ಗುಂಡಿಗಳಿದ್ದವು. ಅವು ಯಾವ ಜನರವೆಂದು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡವೆಂದು ಕೇಳಿಕೊಂಡವರಿದ್ದಾರೆ, ಅವರ ಮಾತು ಮುಂದೆ ಬರುತ್ತದೆ. ಹಳೆಯ ಕಾಲದ ಸಂಗ್ರಹಕಾರರು ಕೋಟುಗಳನ್ನು ಬಿಟ್ಟು ಗುಂಡಿಗಳನ್ನು ಮಾತ್ರ ಒಯ್ದಿದ್ದರು. ಕೋಟಿಗೆ ಹುಳ ಹಿಡಿಯುತ್ತದೆ, ಮೂಳೆ ಜೇಬಿನಲ್ಲಿ ಹಿಡಿಸುತ್ತದೆ. ಹಾಗಾಗಿ ಎಷ್ಟೋ ಸಂಗ್ರಹಾಲಯಗಳ ಡ್ರಾಯರುಗಳಲ್ಲಿ ಅಂಗಿಯಿಲ್ಲದ ಗುಂಡಿಗಳು ಸಾಲಾಗಿ ಮಲಗಿವೆ.

ಆ ಪೆಟ್ಟಿಗೆಯಲ್ಲಿ ಒಂದು ಗುಂಡಿ ಬೇರೆಯೇ ಜಾತಿಯದು. ದುಂಡಗಿಲ್ಲ, ಬೆರಳಿನಷ್ಟು ಉದ್ದ. ಹಿಮಸಾರಂಗದ ಮೂಳೆಯಲ್ಲಿ ಕೆತ್ತಿದ್ದು, ಒಂದು ತುದಿಯಲ್ಲಿ ಸೀಲ್ ಪ್ರಾಣಿಯ ಪುಟ್ಟ ತಲೆ, ನಡುವೆ ದಾರ ಹೋಗುವ ತೂತು. ಅಲ್ಲಿಯ ತಾಯಂದಿರ ಕೋಟಿನ ಬೆನ್ನಿನಲ್ಲಿ ಮಗುವನ್ನು ಕೂರಿಸುವ ಚೀಲವಿರುತ್ತದೆ. ಮಗು ಕೆಳಗೆ ಜಾರದಂತೆ ಅದರ ಕೆಳಗಿನಿಂದ ಒಂದು ಹುರಿ ಸುತ್ತಿ ಬಂದು ತಾಯಿಯ ಎದೆಯ ಮುಂದೆ ಸೇರುತ್ತದೆ. ಹುರಿಯ ಒಂದು ತುದಿಯ ಕುಣಿಕೆಯೊಳಗೆ ಇನ್ನೊಂದು ತುದಿಯ ಈ ಮೂಳೆಯನ್ನು ತೂರಿಸಿ ಅಡ್ಡ ತಿರುಗಿಸಿದರೆ ಮುಗಿಯಿತು, ಮಗುವಿನ ಭಾರವೆಲ್ಲ ಅದರ ಮೇಲೆ. ಮೂಳೆಯ ಒಂದು ಮಗ್ಗುಲು ಗಾಜಿನಷ್ಟು ನುಣುಪಾಗಿತ್ತು. ದಿನವೂ ಹೆಬ್ಬೆರಳು ತಾಗಿ ತಾಗಿ ಹಾಗಾದದ್ದು.

ಈ ಗುಂಡಿಗೆ ಅದು ಕೊನೆಯ ಪ್ರದರ್ಶನ. ಇದನ್ನು ಹಿಂದೆ ಸಂಗ್ರಹಕಾರರಿಗೆ ಕೊಟ್ಟ ಹೆಂಗಸಿನ ಮರಿಮಗಳೊಬ್ಬಳು ವರ್ಷಾನುಗಟ್ಟಲೆ ಪತ್ರ ಬರೆದು, ಗುಂಡಿ ಇಟ್ಟುಕೊಂಡಿದ್ದ ಯುರೋಪಿನ ಸಂಗ್ರಹಾಲಯ ವಾಪಸು ಕೊಡಲು ಒಪ್ಪುವಂತೆ ಮಾಡಿದ್ದಳು. ಪ್ರದರ್ಶನ ಮುಗಿದ ಮೇಲೆ ಅಬುಧಾಬಿಯಲ್ಲೇ ಅವಳ ಕೈಗೆ ಕೊಡುವುದೆಂದು ನಿರ್ಧಾರವಾಗಿತ್ತು. ಅವಳು ದರ್ಜಿ. ಬಸುರಿ ಮೊಮ್ಮಗಳಿಗಾಗಿ ಹೊಸ ಕೋಟು ಹೊಲಿಯುತ್ತಿದ್ದಳು, ಗುಂಡಿಯೊಂದು ಬಾಕಿ. ಒಪ್ಪಂದದಲ್ಲಿ ಒಂದೇ ಷರತ್ತು: ಹೊರಡುವಾಗ ವಸ್ತು ಸುಸ್ಥಿತಿಯಲ್ಲಿರಬೇಕು. ಇಲ್ಲದಿದ್ದರೆ ರಿಪೇರಿಗಾಗಿ ಮತ್ತೆ ಯುರೋಪಿಗೆ.

ಮೂಳೆ ಸತ್ತ ಮೇಲೂ ನೀರು ಕುಡಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಿಧಾನವಾಗಿ ಆದರೆ ಪರವಾಗಿಲ್ಲ, ಸಹಿಸಿಕೊಳ್ಳುತ್ತದೆ. ಬೇಗ ಆದರೆ ಎಳೆಯ ಗುಂಟ ಸೀಳುತ್ತದೆ. ಬೇಸಿಗೆಯ ಅಬುಧಾಬಿಯಲ್ಲಿ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಎ.ಸಿ. ಇಲ್ಲದ ಹಾಲಿನಲ್ಲಿ ಏನಾಗುತ್ತಿರಬಹುದೆಂದು ಯೋಚಿಸಿಯೇ ನನಗೆ ಬೆವರು ಕಿತ್ತುಬಂತು.

ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಓಡಿದೆ. ಬಾಗಿಲಲ್ಲಿ ಹೊಸ ವಾಚ್‌ಮನ್. ನನ್ನ ಪಾಸ್ ತಿರುಗಿಸಿ ಮುರುಗಿಸಿ ನೋಡಿದ. ಅದು ಕೆಲಸದ ದಿನದ್ದು, ರಜೆಯ ಪಾಸ್ ಬೇರೆ.

"ಮೇಡಂ, ಛುಟ್ಟಿ ಹೈ. ಛುಟ್ಟಿ ಕೇ ಬಾದ್ ಆನಾ."

ಕಂಟ್ರೋಲ್ ರೂಮಿನ ನಂಬರಿಗೆ ಫೋನ್ ಮಾಡಿದರೆ ಧ್ವನಿಮುದ್ರಿತ ಹೆಂಗಸು ಮೊದಲು ಅರಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹಬ್ಬದ ಶುಭಾಶಯ ಹೇಳಿದಳು. ನಮ್ಮ ಮ್ಯಾನೇಜರ್ ಜಾರ್ಜಿಯಾದ ಯಾವುದೋ ಬೆಟ್ಟದ ಮೇಲಿದ್ದರು. ಅಷ್ಟರಲ್ಲಿ ಕಾಕಾ ಹಬ್ಬದ ನಮಾಜು ಮುಗಿಸಿ, ತಮ್ಮನ ರೂಮಿನ ಬಿರಿಯಾನಿ ಬಿಟ್ಟು, ಹೊಸ ಅಂಗಿಯಲ್ಲೇ ಮುಹೈಸ್ನಾದಿಂದ ವಾಪಸು ಬಂದರು. ಬಸ್ಸಿನಲ್ಲಿ ಕೂತೇ ಕಂಟ್ರೋಲ್ ರೂಮಿನ ಎಂಜಿನಿಯರನ್ನು ಹುಡುಕಿ ಹಿಡಿದಿದ್ದರು. ಆತ ಊರಿಗೆ ಹೊರಟು ವಿಮಾನ ನಿಲ್ದಾಣದಲ್ಲಿದ್ದ. ಒಳಗೆ ಹೋಗಿ ಹಾಕಿಕೊಳ್ಳಿ, ನನ್ನ ಒಪ್ಪಿಗೆ ಇದೆ ಎಂದು ಫೋನಿನಲ್ಲೇ ಹೇಳಿದ್ದನಂತೆ.

ವಾಚ್‌ಮನ್ ಕೇಳಬೇಕಲ್ಲ. ಕಾಕಾರ ಪಾಸೂ ಕೆಲಸದ ದಿನದ್ದೇ, ಒಪ್ಪಿಗೆ ಕಾಗದದಲ್ಲಿ ಬೇಕು ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ನಾನು ಆ ಬಾಗಿಲಲ್ಲಿ ಕಣ್ಣಾರೆ ಕಂಡೆ. ಎಂಜಿನಿಯರನ ಫೋನ್ ಅಷ್ಟರಲ್ಲಿ ಆಫ್ ಆಗಿತ್ತು. ವಾಚ್‌ಮನ್‌ನನ್ನು ದೂರುವ ಹಾಗೂ ಇಲ್ಲ. ಹಿಂದಿನವನು ಯಾರನ್ನೋ ಒಳಗೆ ಬಿಟ್ಟು ಕೆಲಸ ಕಳೆದುಕೊಂಡಿದ್ದನಂತೆ.

"ಎಂತ ಮಾಡುದು ಬಾಯಮ್ಮ, ಕೈ ಕಟ್ಟಿ ಹಾಕಿದ ಹಾಗೆ ಆಯ್ತು," ಎಂದರು ಕಾಕಾ. ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹೊರಗಿನ ಗಾಜಿಗೆ ಮುಖ ಒತ್ತಿ ನೋಡಿದೆ. ಹಾಲಿನ ಬಾಗಿಲು ಕಾಣುತ್ತಿತ್ತು, ಒಳಗಿನದೇನೂ ಕಾಣುತ್ತಿರಲಿಲ್ಲ. ರಜೆ ಮುಗಿಯುವವರೆಗೆ ದಿನವೂ ಹೋದೆ, ದಿನವೂ ಅದೇ ಬಾಗಿಲು ನೋಡಿ ಬಂದೆ. ಕೈಲಾಗದವಳು ಮೈ ಪರಚಿಕೊಂಡಂತೆ ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಮಗ ಟ್ಯಾಬಿನಿಂದ ತಲೆ ಎತ್ತದೆ, "ಮಮ್ಮಿ, ಇಟ್ಸ್ ಜಸ್ಟ್ ಎ ಬಟನ್," ಎಂದ. ಅದು ಬಟನ್ ಅಲ್ಲ, ಮಗುವಿನ ಸೀಟ್ ಬೆಲ್ಟ್ ಎಂದು ಹೇಳಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ.

ರಜೆ ಮುಗಿದ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಹೋಗಿ ಕಾದಿದ್ದೆ. ಹಾಲಿನೊಳಗೆ ಬಚ್ಚಲುಮನೆಯ ಸೆಕೆ. ಗಾಜಿನ ಪೆಟ್ಟಿಗೆಗಳಿಗೆ ಹೊರಗಿನಿಂದ ಸಣ್ಣಗೆ ಮಂಜು ಕಟ್ಟಿತ್ತು. ಮೂಳೆಗಳ ಪೆಟ್ಟಿಗೆಯೊಳಗಿನ ತೇವಮಾಪಕ ಐವತ್ತರ ಆಸುಪಾಸಿನಲ್ಲಿ ಇರಬೇಕಿತ್ತು, ಎಪ್ಪತ್ತು ದಾಟಿತ್ತು. ಬಾಗಿಲಿನ ರಬ್ಬರ್ ಪಟ್ಟಿ ಎಲ್ಲೋ ಸಡಿಲವಾಗಿತ್ತೆಂದು ಕಾಣುತ್ತದೆ. ಆದರೂ ನನಗೆ ಒಂದು ಸಮಾಧಾನ. ತೇವ ನಿಧಾನವಾಗಿ ಏರಿದೆ, ಇನ್ನು ನಿಧಾನವಾಗಿ ಇಳಿಸಿದರೆ ಮೂಳೆ ಉಳಿಯುತ್ತದೆ. ಕಾಕಾರನ್ನು ಕರೆದುಕೊಂಡು ಕಂಟ್ರೋಲ್ ರೂಮಿಗೆ ಓಡಿದೆ. ಅಲ್ಲಿ ಬೆಳಗಿನ ಪಾಳಿಯ ಆಪರೇಟರ್ ಆಗಲೇ ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದ.

"ಮಾಫಿ ಮುಷ್ಕಿಲ್ ಮೇಡಂ, ತೊಂದರೆ ಇಲ್ಲ," ಎಂದು ನಕ್ಕ. "ಫುಲ್ ಕೂಲಿಂಗ್ ಹಾಕಿದೆ. ಮಧ್ಯಾಹ್ನದೊಳಗೆ ಫ್ರಿಜ್ ಆಗ್ತದೆ."

ಪಾಪ, ಅವನು ನಮಗೆ ಉಪಕಾರವೇ ಮಾಡಿದ್ದ. ಕಾಕಾ ಅವನನ್ನು ಪಕ್ಕಕ್ಕೆ ಸರಿಸಿ ಗಾಳಿಯ ವೇಗ ಇಳಿಸಿದರು. ಆದರೆ ನೀರು ತಣ್ಣಗಾಗಿಸುವ ಚಿಲ್ಲರ್ ಯಂತ್ರಗಳು ಪೂರ್ತಿ ಓಡುತ್ತಿದ್ದವು, ಆಫೀಸುಗಳ ಜನ ಒಳಗೆ ಬರುತ್ತಿದ್ದರು, ಕಟ್ಟಡಕ್ಕೆಲ್ಲ ತಂಪು ಬೇಕಿತ್ತು. ಒಂದು ಹಾಲಿಗೆಂದು ಅದನ್ನು ನಿಲ್ಲಿಸುವ ಅಧಿಕಾರ ನಮ್ಮಿಬ್ಬರಿಗೂ ಇರಲಿಲ್ಲ. ತಣ್ಣನೆಯ ಒಣಗಾಳಿ ಹಾಲಿನೊಳಗೆ ಸುರಿಯಿತು. ನಾನು ಪೆಟ್ಟಿಗೆಯ ಮುಂದೆ ಕೂತು ಮಾಪಕದ ಅಂಕಿ ಇಳಿಯುವುದನ್ನು ನೋಡುತ್ತಿದ್ದೆ. ಐವತ್ತಕ್ಕೆ ಬಂದು ನಿಲ್ಲಲಿ ಎಂದು ಮಾತೆ ಮರಿಯಮ್ಮನನ್ನು ಕೇಳಿಕೊಂಡೆ. ನಿಲ್ಲಲಿಲ್ಲ, ಮೂವತ್ತರ ಹತ್ತಿರ ಹೋಯಿತು.

ಪೆಟ್ಟಿಗೆ ತೆರೆಯುವಂತಿರಲಿಲ್ಲ. ಬೀಗದ ಕೈ ಇದ್ದದ್ದು ಯುರೋಪಿನ ಆ ಸಂಗ್ರಹಾಲಯದ ಸಂರಕ್ಷಕನ ಹತ್ತಿರ. ಅವನೇ ಬಂದು ವಸ್ತುಗಳನ್ನಿಟ್ಟು, ಸೀಲ್ ಹಾಕಿ, ಯುರೋಪಿಗೆ ಹಿಂತಿರುಗಿದ್ದ. ಕೊನೆಯಲ್ಲಿ ಅವನೇ ಬಂದು ತೆರೆಯಬೇಕು. ನನಗೆ ಬಿಟ್ಟದ್ದು ಪೆಟ್ಟಿಗೆಯ ಅಡಿಯ ಡ್ರಾಯರ್ ಮಾತ್ರ. ತೇವವನ್ನು ಹಿಡಿತದಲ್ಲಿಡುವ ಸಿಲಿಕಾ ಜೆಲ್ ಇರುವುದು ಅದರಲ್ಲಿ.

ಮರುದಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಕಂಡಿತು. ತೂತಿನ ಅಂಚಿನಲ್ಲಿ ಹಿಂದಿನಿಂದಲೂ ಎಳ್ಳಿನಷ್ಟು ಉದ್ದದ ಗೀರೊಂದಿತ್ತು, ಬಂದ ದಿನ ನಾನೇ ಬರೆದಿದ್ದೆ. ಈಗ ಅದು ಸೀಲ್ ಪ್ರಾಣಿಯ ಕುತ್ತಿಗೆಯವರೆಗೂ ಓಡಿತ್ತು, ಬಾಯಿ ಬಿಟ್ಟುಕೊಂಡಿತ್ತು. ಉಳಿದ ಗುಂಡಿಗಳಿಗೆ ಏನೂ ಆಗಿರಲಿಲ್ಲ. ಆಗಬಾರದ ಒಂದಕ್ಕೇ ಆಗಿತ್ತು. ನಾನು ನೆಲದ ಮೇಲೆ ಕೂತು ಅತ್ತೆ. ಶಾಲೆಯ ಮಕ್ಕಳ ಗುಂಪೊಂದು ಬಂದಾಗ ಎದ್ದು ಹೋದೆ.

ಸಂರಕ್ಷಕನಿಗೆ ಫೋಟೋ ಸಮೇತ ಬರೆದೆ. ಅವನ ಉತ್ತರದಲ್ಲಿ ಒಂದೂ ಕಟು ಮಾತಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಬಿರುಕು ಮುಂದುವರಿಯದಂತೆ ಅದರೊಳಗೆ ಸೂಜಿಯಿಂದ ತೆಳ್ಳಗಿನ ರಾಳ ತುಂಬಿಸು, ಬದಲಿ ಕೀ ಕೊರಿಯರಿನಲ್ಲಿ ಕಳಿಸುತ್ತೇನೆ, ನಾನು ವಿಡಿಯೋದಲ್ಲಿ ನೋಡುತ್ತಿರುತ್ತೇನೆ ಎಂದಿದ್ದ. ನಮ್ಮ ಕೆಲಸದಲ್ಲಿ ಇದು ಮಾಮೂಲಿ ಸಲಹೆಯೇ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಕಟ್ಟಡದವರೂ ನಮ್ಮ ಹಾಲನ್ನು ರಜೆಯ ಮೋಡ್‌ನಿಂದ ಶಾಶ್ವತವಾಗಿ ಹೊರಗಿಟ್ಟರು.

ಕೀ ಬರುವವರೆಗೆ ನಾನು ಸುಮ್ಮನೆ ಕೂರಲಿಲ್ಲ. ಪ್ಯಾಂಟ್ರಿಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳನ್ನಿಟ್ಟು, ಅವುಗಳ ಅಡಿಗೆ ಒದ್ದೆ ಬಟ್ಟೆ, ಮೇಲೆ ಜಾಲರಿಯ ತಟ್ಟೆಯಲ್ಲಿ ಸಿಲಿಕಾ ಜೆಲ್ ಹರಡಿದೆ. ಜೆಲ್ ನಿಧಾನವಾಗಿ ತೇವ ಹೀರುತ್ತದೆ. ಆಗಾಗ ಅಡುಗೆಯ ತಕ್ಕಡಿಯಲ್ಲಿ ತೂಗಿ, ಬೇಕಾದಷ್ಟು ತೂಕ ಬಂದ ಮೇಲೆ ಡ್ರಾಯರಿಗೆ ಸೇರಿಸಬೇಕು. ಒಮ್ಮೆಲೇ ಹೆಚ್ಚು ತೇವದ ಜೆಲ್ ಇಟ್ಟರೆ ಮತ್ತೆ ಅದೇ ಅನಾಹುತ. ಹಾಗಾಗಿ ಮೊದಲು ಸ್ವಲ್ಪ, ಅದು ಒಗ್ಗಿದ ಮೇಲೆ ಇನ್ನೂ ಸ್ವಲ್ಪ. ಆಫೀಸಿನವರು ಚಹಾ ಮಾಡಲು ಬಂದು ಡಬ್ಬ ತೆರೆದು ನೋಡಿ, ಇದೇನು ಸಾಬುದಾನಿಯೇ ಎಂದು ಕೇಳುತ್ತಿದ್ದರು. ಕಾಕಾ ದಿನಕ್ಕೆರಡು ಸಲ ಬಂದು ಹಾಲಿನ ಗಾಳಿ ಹದವಾಗಿದೆಯೇ ಎಂದು ನೋಡಿಹೋಗುತ್ತಿದ್ದರು. ಪೆಟ್ಟಿಗೆಯ ಹತ್ತಿರ ಮಾತ್ರ ಬರುತ್ತಿರಲಿಲ್ಲ.

ಮಾಪಕ ಮೇಲೇರತೊಡಗಿತು. ಬಿರುಕಿನ ಬಾಯಿ ಒಂದಿಷ್ಟು ಮುಚ್ಚಿದ ಹಾಗೆ ಕಂಡಿತು. ನನ್ನ ಆಸೆಯೇ ಹಾಗೆ ತೋರಿಸುತ್ತಿದೆಯೇನೋ ಎಂದು ದಿನವೂ ಅದೇ ಕೋನದಿಂದ ಫೋಟೋ ತೆಗೆದು ಹೋಲಿಸಿದೆ. ನಿಜವಾಗಿಯೂ ಕೂಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಕೀ ಬಂತು.

ರಾಳದ ಶೀಶೆ, ಸೂಜಿ, ಕೀ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಒಂದಿಡೀ ಬೆಳಿಗ್ಗೆ ಕೂತಿದ್ದೆ. ಬಿರುಕು ಇನ್ನೂ ಅರೆ ತೆರೆದಿದೆ. ಈಗ ರಾಳ ತುಂಬಿದರೆ ಅದು ಅಲ್ಲೇ ಗಟ್ಟಿಯಾಗುತ್ತದೆ. ನಾಳೆ ಮೂಳೆ ಇನ್ನಷ್ಟು ಉಬ್ಬಿ ಕೂಡಿಕೊಳ್ಳಲು ಹೋದರೆ ಮಧ್ಯೆ ರಾಳ, ಕಟ್ಟಿಗೆಯಲ್ಲಿ ಹೊಡೆದ ಬೆಣೆಯ ಹಾಗೆ. ಡ್ರಾಯರಿನಲ್ಲಿ ಮಲಗಿಸಿಡುವ ವಸ್ತುವಿಗೆ ಅದರಿಂದ ತೊಂದರೆಯಿಲ್ಲ. ಹಿಮದಲ್ಲಿ, ಬೆವರಿನಲ್ಲಿ, ಒದ್ದೆ ಹುರಿಯಲ್ಲಿ ಇರಬೇಕಾದ್ದಕ್ಕೆ ತೊಂದರೆ. ಕೊನೆಗೆ ಸಂರಕ್ಷಕನಿಗೆ ಬರೆದೆ: ರಾಳ ಹಾಕುವುದಿಲ್ಲ, ಪೆಟ್ಟಿಗೆಯನ್ನೂ ತೆರೆಯುವುದಿಲ್ಲ, ಕಾಯುತ್ತೇನೆ. ಅವನು ಒಂದೇ ಸಾಲು ಬರೆದ, ಜವಾಬ್ದಾರಿ ನಿನ್ನದು ಎಂದು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮಗನ ಶಾಲೆ ಹೋಗುತ್ತದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪ್ರದರ್ಶನದ ಮುಕ್ತಾಯದ ವಾರ ದರ್ಜಿ ಹೆಂಗಸು ಬಂದಳು. ಅರುವತ್ತು ದಾಟಿದವಳು, ಗಿಡ್ಡ, ಅಗಲ ಮುಖ. ಸೆಕೆಗೆ ಕೆನ್ನೆ ಕೆಂಪಗಾಗಿತ್ತು. ಕಾಲಲ್ಲಿ ನಮ್ಮ ಬೀದಿಯಲ್ಲೇ ಕೊಂಡ ರಬ್ಬರ್ ಚಪ್ಪಲಿ. ಇಂಗ್ಲಿಷನ್ನು ನಿಧಾನವಾಗಿ, ಒಂದೊಂದೇ ಮಾತು ಕೆಳಗಿಟ್ಟ ಹಾಗೆ ಆಡುತ್ತಿದ್ದಳು. ಬಿರುಕಿನ ಸುದ್ದಿಯನ್ನು ಸಂಗ್ರಹಾಲಯ ಅವಳಿಗೆ ತಿಳಿಸಿರಲಿಲ್ಲ, ಮೊದಲು ಪರೀಕ್ಷೆಯಾಗಲಿ ಎಂದು. ಅವಳು ನೇರ ಪೆಟ್ಟಿಗೆಯ ಮುಂದೆ ಹೋಗಿ, ಬ್ಯಾಗಿನಿಂದ ಕೋಟನ್ನು ತೆಗೆದು, ಗಾಜಿಗೆ ಹಿಡಿದು ತೋರಿಸಿದಳು. ನನಗಲ್ಲ, ಗುಂಡಿಗೆ.

"ನಮ್ಮ ಅಜ್ಜಿಯ ಅಮ್ಮ ಇದನ್ನು ಉಕ್ಕಿನ ಸೂಜಿಗಳಿಗೆ ಬದಲಾಗಿ ಕೊಟ್ಟಳು," ಎಂದಳು ನನ್ನ ಕಡೆ ತಿರುಗಿ. "ಸೂಜಿ ಒಳ್ಳೆಯದು, ಅವಳನ್ನು ಬೈಯಬಾರದು. ಆದರೆ ಅಜ್ಜಿ ಈ ಗುಂಡಿಯ ಮೇಲೆ ಬೆಳೆದವಳು. ನನ್ನ ಮೊಮ್ಮಗಳಿಗೆ ಈ ತಿಂಗಳಲ್ಲೇ ಹೆರಿಗೆ."

ನನಗೆ ಇನ್ನು ತಡೆಯಲಾಗಲಿಲ್ಲ. ಬಿರುಕಿನ ವಿಷಯ ಹೇಳಿಬಿಟ್ಟೆ: ಚಂದ್ರ, ಬೈಪಾಸ್, ಒಣಗಾಳಿ, ಎಲ್ಲವನ್ನೂ. ಟಾರ್ಚ್ ಹಿಡಿದು ತೋರಿಸಿದೆ. ಆ ಹೊತ್ತಿಗೆ ಅದು ಕೂದಲೆಳೆಯಷ್ಟಾಗಿತ್ತು, ಗೊತ್ತಿಲ್ಲದವರಿಗೆ ಕಾಣುವಂತಿರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

"ನಮ್ಮಲ್ಲಿ ಇದಕ್ಕೆ ಪ್ರಾಣಿಯ ನರವನ್ನು ಒದ್ದೆ ಮಾಡಿ ಸುತ್ತುತ್ತೇವೆ. ಒಣಗಿದಾಗ ಬಿಗಿಯುತ್ತದೆ. ಬಿರುಕಿಲ್ಲದ ಗುಂಡಿ ಅಂದರೆ ಮಗುವನ್ನೇ ಹೊರದ ಗುಂಡಿ." ಮತ್ತೆ ಕೇಳಿದಳು, "ಸಂಗ್ರಹಾಲಯದವರು ಇದಕ್ಕೆ ಏನನ್ನುತ್ತಾರೆ?"

"ಗೊತ್ತಿಲ್ಲ," ಎಂದೆ. ಗೊತ್ತಿತ್ತು.

ಆ ಮಧ್ಯಾಹ್ನ ಕಾಕಾ ಪ್ಯಾಂಟ್ರಿಗೆ ಬಂದು ದನಿ ತಗ್ಗಿಸಿದರು.

"ಬಾಯಮ್ಮ, ಒಂದು ಮಾತು ಹೇಳ್ಲಾ? ಹಳೇ ಗೀರು ಮೊದ್ಲೇ ಇತ್ತಲ್ವಾ. ಅದೇ ಅಂತ ಬರೀರಿ. ಫೋಟೋದಲ್ಲಿ ಭಾರೀ ಕಂಡಿತು, ಈಗ ಇಲ್ಲ ಅಂತ ಹೇಳಿ. ಖಲಾಸ್. ಆ ಹೆಂಗಸು ಅಷ್ಟು ದೂರದಿಂದ ಬಂದಿದ್ದಾಳೆ. ಆ ದಿನ ನಾನು ಹೋಗದೆ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ."

"ನಿಮ್ಮ ತಪ್ಪು ಎಂತದ್ದೂ ಇಲ್ಲ ಕಾಕಾ."

"ಹಾಗಾದ್ರೆ ಯಾರ್ದು? ಒಬ್ಬರ ಹೆಸರು ಹೇಳಿ, ಬೈಲಿಕ್ಕಾದ್ರೂ ಆಗ್ತದೆ."

ಅವರ ಸಲಹೆ ನನ್ನ ತಲೆಯಲ್ಲಿ ಕೂತಿತು. ಹಾಗೆ ಬರೆದರೆ ಯಾರೂ ನನ್ನನ್ನು ಹಿಡಿಯುತ್ತಿರಲಿಲ್ಲವೇನೋ. ಹೇಗೂ ಆಕೆಗೆ ಎಲ್ಲ ಗೊತ್ತು, ಮಗುವನ್ನು ಮೋಸದಿಂದ ಬಿರುಕಿಗೆ ತೂಗುಹಾಕಿದಂತೆ ಆಗುವುದಿಲ್ಲ. ಮರುದಿನ ಅವಳನ್ನೇ ಕೇಳಿದೆ. ಹೊಸ ಬಿರುಕು ಕಾಣಲಿಲ್ಲ ಎಂದು ಬರೆಯಲೇ?

ಅವಳು ಕೋಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು. ಬರಿ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಅವರ ಡ್ರಾಯರುಗಳಲ್ಲಿ ನಮ್ಮ ಗುಂಡಿಗಳು ಇನ್ನೂ ತುಂಬ ಇವೆ," ಎಂದಳು. "ಇದು ಮೊದಲು ಬರುವುದು. ಇದು ಸುಳ್ಳಿನಲ್ಲಿ ಬಂತೆಂದು ಒಂದು ದಿನ ತಿಳಿದರೆ ಇದರ ಹಿಂದೆ ಬರಬೇಕಾದವು ಯಾವುವೂ ಬರುವುದಿಲ್ಲ. ಇದ್ದದ್ದನ್ನು ಬರಿ. ಮುಂದೆಂದಾದರೂ ಇದರ ಕಥೆ ಬರೆದರೆ ನಮ್ಮ ಜನರ ಹೆಸರು ಮಾತ್ರ ಎಲ್ಲೂ ಬೇಡ. ಊರಿನವರಿಗೆ ನಾನೇ ಹೇಳುತ್ತೇನೆ."

ಇದ್ದದ್ದನ್ನು ಬರೆದೆ. ನನ್ನ ಕೈಬರಹ ಅಷ್ಟು ಕೆಟ್ಟದಾಗಿ ಬಂದದ್ದು ಅದೇ ಮೊದಲು.

ಸಂರಕ್ಷಕ ಬಂದ. ಸೀಲ್ ಒಡೆದು, ಕೈಗವಸು ಹಾಕಿ, ಗುಂಡಿಯನ್ನು ಮೃದುವಾದ ತಟ್ಟೆಯ ಮೇಲಿಟ್ಟು, ಭೂತಗನ್ನಡಿಯಲ್ಲಿ ನೋಡಿದ. ಪಕ್ಕದಲ್ಲಿ ನನ್ನ ವರದಿ. ನಡುವೆ ಒಮ್ಮೆ ತಲೆ ಎತ್ತಿ, "ರಾಳ ಹಾಕದೆ ಇದ್ದದ್ದು ಒಳ್ಳೆಯದಾಯಿತು," ಎಂದ. ಆದರೆ ಬಿರುಕು ತೂತಿನಿಂದ ಕುತ್ತಿಗೆಯವರೆಗೆ ಹೊಸದಾಗಿ ಓಡಿದೆ ಎಂಬುದನ್ನು ಅವನು ಅಳೆದು, ತನ್ನ ಸಂಗ್ರಹಾಲಯಕ್ಕೆ ಫೋನ್ ಮಾಡಿದ. ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಾ ಮಾತಾಡಿದ. ಗಾಜಿನಾಚೆಯಿಂದ ಅವನ ಕೈ ಆಡುವುದು ಮಾತ್ರ ಕಾಣುತ್ತಿತ್ತು. ಅವಳ ಪರವಾಗಿಯೇ ವಾದಿಸುತ್ತಿದ್ದನೆಂದು ಈಗಲೂ ನಂಬುತ್ತೇನೆ. ಒಳಗೆ ಬಂದವನು ಅವಳೆದುರು ಕುರ್ಚಿ ಎಳೆದುಕೊಂಡು ಕೂತು, ಆಗುವುದಿಲ್ಲವೆಂದು ಹೇಳಿದ. ಷರತ್ತು ಷರತ್ತೇ. ಗುಂಡಿ ಮೊದಲು ಲ್ಯಾಬಿಗೆ ಹೋಗಬೇಕು, ಸಮಿತಿ ನೋಡಬೇಕು. ಕೊಡುವುದಂತೂ ಕೊಡುತ್ತೇವೆ, ಅದರಲ್ಲಿ ಸಂಶಯ ಬೇಡ.

ಪಕ್ಕದ ಕೋಣೆಯಲ್ಲಿ ಹಸ್ತಾಂತರದ ಸಮಾರಂಭಕ್ಕೆಂದು ಆಗಲೇ ಬಿಳಿ ಸ್ಯಾಟಿನ್ ಹೊದಿಸಿದ ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಬೆನ್ನಿಗೂ ಬಂಗಾರದ ಬಣ್ಣದ ಗಂಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಯಾರೋ ಬಖೂರ್ ಧೂಪದ ಹೊಗೆ ಕೂಡ ಹಾಕಿದ್ದರು. ಸಮಾರಂಭ ಇಲ್ಲವೆಂದು ತಿಳಿದಾಗ ಕಾಕಾ ಒಬ್ಬರೇ ಹೋಗಿ ಆ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಅದು ಅವರ ಕೆಲಸವೇ ಅಲ್ಲ.

ಪ್ಯಾಕಿಂಗಿಗೆ ನಾವು ಮೂವರೇ ಇದ್ದೆವು. ಸಾಗಣೆಯ ಪೆಟ್ಟಿಗೆಯೊಳಗಿನ ಫೋಮಿನಲ್ಲಿ ಗುಂಡಿಯ ಆಕಾರದ ಗುಳಿ ಇತ್ತು. ಬಿರುಕಿನ ಮೇಲೆ ಒತ್ತಡ ಬೀಳದಂತೆ ಅದನ್ನು ಒಂದಿಷ್ಟು ಅಗಲ ಮಾಡಬೇಕಿತ್ತು. ಸಂರಕ್ಷಕ ಚಾಕು ತೆಗೆದುಕೊಂಡ. ತಟ್ಟೆಯನ್ನು ಮೇಜಿನ ಮೇಲಿಡಲು ಬೇಕಾದಷ್ಟು ಜಾಗ ಇತ್ತು. ಅವನು ಗುಂಡಿಯನ್ನೆತ್ತಿ, ಇದನ್ನು ಸ್ವಲ್ಪ ಹಿಡಿದುಕೊಂಡಿರಿ ಎಂದು ಅವಳ ಬರಿಯ ಅಂಗೈಯಲ್ಲಿಟ್ಟ. ಕೈಗವಸಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವಳ ಹೆಬ್ಬೆರಳು ನೇರ ಆ ನುಣುಪಾದ ಮಗ್ಗುಲಿಗೆ ಹೋಗಿ ಕೂತಿತು. ಇನ್ನೊಂದು ಕೈಯಿಂದ ಕೋಟಿನ ಹುರಿಯ ಕುಣಿಕೆಯನ್ನು ಹಿಡಿದು, ಗುಂಡಿಯ ಪಕ್ಕಕ್ಕೆ ತಂದು ಅಳತೆ ನೋಡಿದಳು. ತೂರಿಸಲಿಲ್ಲ. ಕುಣಿಕೆ ಸರಿಯಾಗಿತ್ತು, ನೂಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಫೋಟೋ ನೋಡಿಯೇ ಅಷ್ಟು ಕರಾರುವಾಕ್ಕಾಗಿ ಹೊಲಿದಿದ್ದಳು. ಸಂರಕ್ಷಕ ಫೋಮನ್ನು ಎಳೆ ಎಳೆಯಾಗಿ ಕೆರೆಯುತ್ತಲೇ ಇದ್ದ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

"ನಿಮ್ಮಲ್ಲಿ ಎಷ್ಟು ಸಮಯ ಹಿಡಿಯುತ್ತದೆ?" ಎಂದು ಕೇಳಿದಳು.

"ಒಂದು ವರ್ಷವಂತೂ ಬೇಕು. ಬಹುಶಃ ಎರಡು."

ಅವಳು ಗುಂಡಿಯನ್ನು ತಾನೇ ಫೋಮಿನ ಗುಳಿಯಲ್ಲಿ ಮಲಗಿಸಿದಳು.

"ಅಷ್ಟರಲ್ಲಿ ಮಗು ನಡೆಯುತ್ತಿರುತ್ತದೆ," ಎಂದಳು.

ಸಂರಕ್ಷಕ ತಲೆ ಎತ್ತಲಿಲ್ಲ. ನಾನು ಮುಚ್ಚಳ ಇಟ್ಟು ತಿರುಪು ಬಿಗಿದೆ.